ಕಟಕಟೆಯ ಎದುರು ಕೂತವರು

ಟೀವಿ ನೋಡುವುದು ಊರಿಗೆಲ್ಲ ಇರುವ ಚಟ. ಟೀವಿ ನೋಡುವವರನ್ನು ನೋಡುವುದು ನನ್ನದು. ನಮ್ಮ ಹಾಲಿನಲ್ಲಿ ಇದಕ್ಕೆಂದೇ ಒಂದು ಜಾಗ ಇದೆ, ಶೋಕೇಸಿನ ಪಕ್ಕದ ಬೆತ್ತದ ಕುರ್ಚಿ. ಅಲ್ಲಿ ಕೂತರೆ ಪರದೆ ಓರೆಯಾಗಿ ಕಾಣುತ್ತದೆ, ಬಣ್ಣವೂ ತುಸು ಮಂಕು. ಆದರೆ ಸೋಫಾದಲ್ಲಿ, ದಿವಾನದಲ್ಲಿ, ನೆಲದ ಮೇಲೆ ಚಾಪೆಯಲ್ಲಿ ಕೂತವರ ಮುಖಗಳೆಲ್ಲ ನೇರ. ಬಂದವರು ‘ನೀವ್ಯಾಕೆ ಆ ಮೂಲೇಲಿ, ಇಲ್ಲಿ ಬನ್ನಿ’ ಎಂದು ಉಪಚಾರಕ್ಕೆ ಕರೆಯುತ್ತಾರೆ. ‘ಇಲ್ಲೇ ಗಾಳಿ ಚೆನ್ನಾಗಿ ಬರುತ್ತೆ’ ಅನ್ನುತ್ತೇನೆ.

ಈ ಚಟಕ್ಕೆ ಎಲ್ಲ ಕಾರ್ಯಕ್ರಮವೂ ಒದಗುವುದಿಲ್ಲ. ಕ್ರಿಕೆಟ್ಟಿನಲ್ಲಿ ಎಲ್ಲರ ಮುಖವೂ ಒಂದೇ ಸಲ ಅರಳಿ ಒಂದೇ ಸಲ ಬಾಡುತ್ತದೆ, ರುಚಿಯಿಲ್ಲ. ಧಾರಾವಾಹಿಯ ಅಳುವಿಗೆ ಜನ ಕಣ್ಣೊರೆಸುವ ನೆಪದಲ್ಲಿ ಮುಖವನ್ನೇ ಮುಚ್ಚಿಕೊಂಡುಬಿಡುತ್ತಾರೆ. ಕೋರ್ಟಿನ ದೃಶ್ಯದ ಗಮ್ಮತ್ತೇ ಬೇರೆ. ಪರದೆಯ ಮೇಲೆ ಒಬ್ಬ ನ್ಯಾಯಾಧೀಶ ಬಂದು ಕೂತರೆ ಸಾಕು, ನೋಡುತ್ತಿರುವ ಪ್ರತಿಯೊಬ್ಬರೂ ತಮಗೂ ಒಂದು ಪೀಠ ಹಾಕಿಕೊಳ್ಳುತ್ತಾರೆ. ಬೆನ್ನು ನೆಟ್ಟಗಾಗುತ್ತದೆ. ಚಕ್ಕುಲಿ ಮುರಿಯುವ ಸದ್ದು ನಿಲ್ಲುತ್ತದೆ. ಅದರಲ್ಲೂ ಪ್ರಶ್ನೆ ‘ಇವನು ಮಾಡಿದನೋ ಇಲ್ಲವೋ’ ಅನ್ನುವುದನ್ನು ಬಿಟ್ಟು ‘ಮಾಡಿದವನು ಇವನೇ ಹೌದೋ ಅಲ್ಲವೋ’ ಅನ್ನುವ ಕಡೆ ಹೊರಳಿದರಂತೂ ನನಗೆ ಹಬ್ಬ.

ಅಂಥದೊಂದು ಕಂತು ನನ್ನ ಬಳಿ ಇದೆ. ಮನೆಗೆ ಹೊಸಬರು ಯಾರೇ ಬಂದು ಒಂದು ಸಂಜೆ ಕೈಗೆ ಸಿಕ್ಕರೂ ಅವರಿಗೆ ಅದನ್ನು ತೋರಿಸದೆ ಬಿಟ್ಟವನಲ್ಲ. ಹೆಂಡತಿ ಇದನ್ನು ‘ಇವರ ಕೋರ್ಟು’ ಅನ್ನುತ್ತಾಳೆ. ಕಾಫಿಗೆ ಎಷ್ಟು ಲೋಟ ಇಡಬೇಕೆಂದು ಕೇಳುವಾಗ ‘ಇವತ್ತು ಕೋರ್ಟು ಇದೆಯಾ?’ ಎಂದೇ ಕೇಳುವುದು.

‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಅಮೆರಿಕದ ಟೀವಿಯಲ್ಲಿ ಶುರುವಾದದ್ದು 1993ರ ಜನವರಿಯಲ್ಲಿ. ಮರು ತಿಂಗಳು ಬಂದದ್ದು ನಾನು ಹೇಳುತ್ತಿರುವ ಕಂತು. ಹೆಸರು ‘ಡ್ಯಾಕ್ಸ್’. ನಿರ್ದೇಶಕ ಡೇವಿಡ್ ಕಾರ್ಸನ್. ಚಿತ್ರಕಥೆಗೆ ಎರಡು ಹೆಸರು, ಪೀಟರ್ ಅಲನ್ ಫೀಲ್ಡ್ಸ್ ಮತ್ತು ಡಿ. ಸಿ. ಫಾಂಟಾನಾ. ಫಾಂಟಾನಾ 1960ರ ದಶಕದ ಮೂಲ ಸ್ಟಾರ್ ಟ್ರೆಕ್‌ಗೇ ಬರೆದಾಕೆ. ಅದರ ಮುಖ್ಯ ಪಾತ್ರಗಳಲ್ಲೊಬ್ಬನಾದ ಸ್ಪಾಕ್‌ನ ಅಪ್ಪ ಅಮ್ಮನನ್ನು ಮೊದಲು ತೆರೆಗೆ ತಂದವಳು. ಈ ಕಂತಿನಲ್ಲಿ ಇಬ್ಬರು ಮುದುಕಿಯರು ಕಥೆಯ ಲಗಾಮು ಹಿಡಿದಿದ್ದಾರೆ. ಅದರಲ್ಲಿ ಫಾಂಟಾನಾಳ ಕೈ ಇದೆ ಅಂತ ನನ್ನ ಗುಮಾನಿ, ಪುರಾವೆ ಕೇಳಬೇಡಿ.

ಕಥೆ ಹೇಳುವ ಮುಂಚೆ ಟ್ರಿಲ್ ಅನ್ನುವ ಜನರ ವಿಷಯ ಹೇಳಬೇಕು. ಅವರಲ್ಲಿ ಕೆಲವರ ಹೊಟ್ಟೆಯೊಳಗೆ ಇನ್ನೊಂದು ಜೀವಿಯನ್ನು ಇಡುತ್ತಾರೆ, ದಪ್ಪ ಹುಳುವಿನಂಥದ್ದು. ಆ ಜೀವಿಯ ಆಯುಷ್ಯ ನೂರಾರು ವರ್ಷ. ಆಶ್ರಯ ಕೊಟ್ಟ ದೇಹ ಸಾಯುವ ಹೊತ್ತಿಗೆ ಅದನ್ನು ತೆಗೆದು ಇನ್ನೊಬ್ಬರ ಹೊಟ್ಟೆಗೆ ಸೇರಿಸುತ್ತಾರೆ. ಹಿಂದಿನ ದೇಹಗಳ ನೆನಪೆಲ್ಲ ಹೊಸಬರಿಗೆ ಬರುತ್ತದೆ. ಇಲ್ಲಿ ಆ ಜೀವಿಯ ಹೆಸರು ಡ್ಯಾಕ್ಸ್. ಹಿಂದಿನ ದೇಹ ಕರ್ಜನ್ ಎಂಬ ವಯಸ್ಸಾದ ರಾಜತಂತ್ರಿ, ಹೆಂಗಸರ ಸಹವಾಸಕ್ಕೂ ಮೋಜಿಗೂ ಹೆಸರಾದವನು. (ಈ ಹೆಸರು ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಯಾರಾದರೊಬ್ಬರು ‘ಬಂಗಾಳ ಒಡೆದವನಾ?’ ಅನ್ನಲೇಬೇಕು. ಅಲ್ಲ, ಬೇರೆ ಕರ್ಜನ್.) ಈಗಿನ ದೇಹ ಜಾಡ್ಜಿಯಾ, ಇಪ್ಪತ್ತೆಂಟರ ವಿಜ್ಞಾನಿ. ಹೆಸರು ಜಾಡ್ಜಿಯಾ ಡ್ಯಾಕ್ಸ್. ಕಥೆ ನಡೆಯುವ ಬಾಹ್ಯಾಕಾಶ ನಿಲ್ದಾಣದ ಮುಖ್ಯಸ್ಥ ಸಿಸ್ಕೊಗೆ ಕರ್ಜನ್ ಗುರುವೂ ಹೌದು, ಗೆಳೆಯನೂ ಹೌದು. ಜಾಡ್ಜಿಯಾಳನ್ನೂ ಅವನು ‘ಮುದುಕಪ್ಪಾ’ ಅನ್ನುವ ಹಾಗೆಯೇ ಕರೆಯುತ್ತಾನೆ.

ಮೂವತ್ತು ವರ್ಷದ ಹಿಂದೆ ಕ್ಲೇಸ್ಟ್ರಾನ್ ಎಂಬ ಗ್ರಹದಲ್ಲಿ ಅಂತರ್ಯುದ್ಧ. ಟ್ಯಾಂಡ್ರೊ ಎಂಬ ಸೇನಾಪತಿ ಎಲ್ಲಿದ್ದಾನೆಂದು ಯಾರೋ ಶತ್ರುಗಳಿಗೆ ಸುಳಿವು ಕೊಟ್ಟರು, ಅವರು ಅವನನ್ನು ಕೊಂದರು. ಸತ್ತ ಮೇಲೆ ಅವನು ಮಹಾವೀರನಾದ, ಆ ಕಿಚ್ಚಿನಲ್ಲೇ ಅವನ ಕಡೆಯವರು ಯುದ್ಧ ಗೆದ್ದರು. ಸುಳಿವು ಕೊಟ್ಟವನು ಕರ್ಜನ್ ಅಂತ ಈಗ ಸೇನಾಪತಿಯ ಮಗ ಇಲಾನ್ ವಾರಂಟು ಹಿಡಿದು ಬಂದಿದ್ದಾನೆ. ಕರ್ಜನ್ ಸತ್ತಿದ್ದಾನೆ, ಡ್ಯಾಕ್ಸ್ ಸತ್ತಿಲ್ಲ. ಆದ್ದರಿಂದ ಜಾಡ್ಜಿಯಾಳನ್ನು ಕೊಡಿ, ಅವಳಿಗೆ ಮರಣದಂಡನೆ.

ಮೊದಲು ಅವರು ಅವಳನ್ನು ಕದ್ದೊಯ್ಯಲು ನೋಡುತ್ತಾರೆ. ಅದು ಕೆಟ್ಟ ಮೇಲೆ ಕಾನೂನು ಹಿಡಿಯುತ್ತಾರೆ. ಸಿಸ್ಕೊ ಸೇರಿದ ಫೆಡರೇಶನ್ ಎಂಬ ಒಕ್ಕೂಟದ ಜತೆ ಕ್ಲೇಸ್ಟ್ರಾನ್‌ಗೆ ಹಸ್ತಾಂತರದ ಒಪ್ಪಂದ ಇದೆ, ಆದರೆ ನಿಲ್ದಾಣ ನಿಂತಿರುವುದು ಬೇಜೋರ್ ಎಂಬ ಗ್ರಹದ ಜನರ ಸುಪರ್ದಿಯಲ್ಲಿ. ಸಿಸ್ಕೊ ಈ ಸಂದಿಯಲ್ಲಿ ಕಾಲು ತೂರಿಸಿ, ವಿಚಾರಣೆ ನಡೆಯದೆ ಕಳಿಸಲಾರೆ ಅನ್ನುತ್ತಾನೆ. ಕೋರ್ಟು ನಡೆಸಲು ಜಾಗವಿಲ್ಲ. ಕ್ವಾರ್ಕ್ ಎಂಬವನ ಬಾರನ್ನು ಒಂದಿಷ್ಟು ಹೆದರಿಸಿ ಬೆದರಿಸಿ ತೆರವು ಮಾಡಿಸುತ್ತಾರೆ. ಜೂಜಿನ ಮೇಜುಗಳ ನಡುವೆ ನ್ಯಾಯಪೀಠ! ಪಕ್ಕದ ಮನೆಯ ವಕೀಲರು ಇಲ್ಲಿಗೆ ಬಂದಾಗ ಪ್ರತಿಸಲವೂ ‘ನಮ್ಮ ಎಷ್ಟೋ ತಾಲೂಕು ಕೋರ್ಟಿಗಿಂತ ವಿಶಾಲವಾಗಿದೆ’ ಅನ್ನುತ್ತಾರೆ.

ಪೀಠದಲ್ಲಿ ರೆನೋರಾ. ವಯಸ್ಸು ನೂರು. ನಟಿ ಆನ್ ಹೇನಿ. ಅವಳು ಬಂದು ಕೂತ ಕೂಡಲೇ ಎರಡೂ ಕಡೆಯವರಿಗೆ ತಾಕೀತು ಮಾಡುತ್ತಾಳೆ: ನನಗೆ ನೂರು ವರ್ಷ, ಉದ್ದುದ್ದ ಮಾತು ಕೇಳುತ್ತ ಕೂರಲು ಪುರುಸೊತ್ತಿಲ್ಲ, ರಾತ್ರಿ ಊಟದ ಹೊತ್ತಿಗೆ ಎದ್ದು ಹೋಗಬೇಕು. ನನ್ನ ಕುರ್ಚಿಯಿಂದ ಈ ಗಳಿಗೆಗೆ ಕಾಯುತ್ತಿರುತ್ತೇನೆ, ಯಾಕೆಂದರೆ ಅಲ್ಲಿಯ ತನಕ ‘ಹುಳು, ಹೊಟ್ಟೆ, ಟ್ರಿಲ್, ಕ್ಲೇಸ್ಟ್ರಾನ್’ ಎಂದು ಗೊಣಗುತ್ತಿದ್ದವರೆಲ್ಲ ಇಲ್ಲಿಗೆ ಕಥೆಯೊಳಗೆ ಬಂದುಬಿಡುತ್ತಾರೆ. ಗ್ರಹ ಯಾವುದಾದರೇನು, ಇಂಥ ಅಜ್ಜಿ ಎಲ್ಲರಿಗೂ ಗೊತ್ತು. ಆಕೆಯ ಮೂಗಿನ ಬುಡದಲ್ಲಿ ಬೇಜೋರ್ ಜನರಿಗಿರುವ ಗೀರುಗಳಿವೆ, ಕಿವಿಗೆ ಸರಪಣಿಯ ಓಲೆ. ಮಾತು ಮುಗಿಯುವ ಮುಂಚೆಯೇ ವಕೀಲನ ಮಾತು ಸಾಕೆನಿಸಿದ ಕಣ್ಣು. ನಮ್ಮ ಆಯಿ ಮೊದಲ ಸಲ ನೋಡಿದಾಗ ‘ಇದು ಗನಾ ಇದ್ದು’ ಅಂದಳು. ಶಿರಸಿ ಕಡೆಯ ಹೆಂಗಸಿನ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಆಯಿಗೆ ಇಂಗ್ಲಿಷ್ ಬಾರದು. ಹಾಗಾಗಿ ನಾನು ಪಕ್ಕದಿಂದ ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಇದರಿಂದ ಆಯಿಗೆ ಏನೂ ನಷ್ಟವಿಲ್ಲ. ಅವಳು ಬೆಳೆದದ್ದು ತಾಳಮದ್ದಳೆಯ ಊರಿನಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರಾಬದುರು ಕೂತು ರಾತ್ರಿಯಿಡೀ ವಾದ ಮಾಡುತ್ತಾರೆ. ಬಾಣ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಕೇಳುತ್ತಾನೆ, ರಾಮ ಉತ್ತರ ಹುಡುಕಬೇಕು. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆ ರಾತ್ರಿ ವಾದದಲ್ಲಿ ಯಾರು ಮೇಲಾದರು ಅನ್ನುವುದು ಮಾತ್ರ ಬೆಳಗಾಗುವ ತನಕ ಯಾರಿಗೂ ಗೊತ್ತಿಲ್ಲ. ಅಂಥಲ್ಲಿ ಪಳಗಿದ ಕಿವಿ ಇದು. ಗ್ರೆಗರಿ ಇಟ್ಜಿನ್ ಮಾಡಿದ ಇಲಾನ್ ಟ್ಯಾಂಡ್ರೊ ಪಾಟೀಸವಾಲು ಹಾಕುವಾಗ, ಅವನ ಪಕ್ಷ ತಪ್ಪೆಂದು ಗೊತ್ತಿದ್ದೂ, ‘ಅರ್ಥ ಚೊಲೊ ಹೇಳ್ತ’ ಎಂದು ತಲೆ ತೂಗುತ್ತಾಳೆ.

ನನ್ನ ಕಸುಬಿನ ಮರ್ಮವೆಲ್ಲ ಇರುವುದು ರಿಮೋಟಿನಲ್ಲಿ. ಕಂತನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೇ ವಿದ್ಯೆ. ಬೇಗ ನಿಲ್ಲಿಸಿದರೆ ವಾದ ಬಲಿತಿರುವುದಿಲ್ಲ, ಜನ ‘ಪಾಪ, ಆ ಹುಡುಗಿ’ ಎಂದಷ್ಟೇ ಹೇಳಿ ಕಾಫಿಗೆ ಕೈ ಚಾಚುತ್ತಾರೆ. ತಡವಾದರೆ ಬಾಗಿಲಲ್ಲಿ ಎನಿನಾ ಬಂದು ನಿಲ್ಲುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯಿತು. ಈಕೆ ಸೇನಾಪತಿಯ ವಿಧವೆ, ಕಥೆಯ ಎರಡನೆಯ ಮುದುಕಿ. ಸಿಸ್ಕೊ, ಇಲಾನ್ ಇಬ್ಬರ ವಾದವೂ ಆದ ಮೇಲೆ, ಎನಿನಾಳ ನೆರಳು ಬೀಳುವ ಮುಂಚೆ, ಒಂದು ಸಣ್ಣ ಜಾಗ ಇದೆ. ಅಲ್ಲಿ ಗುಂಡಿ ಒತ್ತುತ್ತೇನೆ. ಪರದೆಯ ಮೇಲೆ ಜಾಡ್ಜಿಯಾಳ ಮುಖ ನಿಂತುಬಿಡುತ್ತದೆ. ಟೆರ್ರಿ ಫ್ಯಾರೆಲ್‌ಳ ಹಣೆಯಂಚಿನಿಂದ ಕತ್ತಿನ ತನಕ ಇಳಿದಿರುವ ಕಂದು ಚುಕ್ಕಿಗಳನ್ನು ಅಷ್ಟು ಹೊತ್ತು ನೋಡಲು ಸಿಗುವುದು ಆಗಲೇ. ಮೈಕೇಲ್ ವೆಸ್ಟ್‌ಮೋರ್ ಅನ್ನುವ ಪ್ರಸಾಧನ ಕಲಾವಿದ ಅವನ್ನು ಕೈಯಲ್ಲೇ ಬರೆಯುತ್ತಿದ್ದ.

ಆಮೇಲೆ ಒಬ್ಬೊಬ್ಬರಾಗಿ ತೀರ್ಪು ಕೊಡಬೇಕು. ‘ಮುಂದೆ ಏನಾಗುತ್ತೋ ನೋಡೋಣ’ ಅನ್ನುವಂತಿಲ್ಲ. ಅಜ್ಜಿಗೆ ಊಟದ ಹೊತ್ತಾಗುತ್ತಿದೆ.

ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತನಾದ ನನ್ನ ಗೆಳೆಯನ ತೀರ್ಪು ತಡವಾಗುವುದೇ ಇಲ್ಲ. ‘ಕಳಿಸಿ ಅವಳನ್ನ.’ ಅವನ ಲೆಕ್ಕ ಸರಳ. ಕರ್ಜನ್‌ನ ನೆನಪು ಇವಳಿಗೆ ಬಂದಿದೆ, ಅನುಭವ ಬಂದಿದೆ, ಹೆಸರಿನ ಅರ್ಧ ಬಂದಿದೆ, ಸಿಸ್ಕೊನಂಥ ಗೆಳೆಯ ಬಂದಿದ್ದಾನೆ. ‘ಡಿಪಾಸಿಟ್ ಎಲ್ಲ ನಂದು, ಓಡಿ ಮಾತ್ರ ಹಿಂದಿನವನದ್ದು ಅಂದ್ರೆ ಯಾವ ಬ್ಯಾಂಕು ಕೇಳುತ್ತೆ?’ ಸಿಸ್ಕೊ ಕೋರ್ಟಿನಲ್ಲಿ ಎಷ್ಟೇ ವಾದಿಸಲಿ, ಹೊರಗೆ ಬಂದು ಅವಳನ್ನು ‘ಮುದುಕಪ್ಪಾ’ ಎಂದು ಕರೆದ ಕೂಡಲೇ ಅವನ ಕೇಸು ಬಿದ್ದುಹೋಯಿತು ಅನ್ನುತ್ತಾನೆ ಇವನು. ಕಿರಿಕಿರಿಯಾಗುತ್ತದೆ, ಆದರೆ ಮಾತು ಗಟ್ಟಿ.

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೊಡುವ ತೀರ್ಪು ಇದಕ್ಕೆ ತದ್ವಿರುದ್ಧ. ‘ಮೊನ್ನೆ ಮದುವೆಯಾಗಿ ಬಂದ ಸೊಸೆ ತಲೆಗೆ ಮಾವನ ಕಾಲದ ಸಾಲ ಕಟ್ಟಿದ ಹಾಗಾಯ್ತು.’ ಜಾಡ್ಜಿಯಾ ಟ್ರಿಲ್ ಆಗಿ ಹುಟ್ಟಿದವಳು, ಓದಿದವಳು. ಹುಳು ಹೊಟ್ಟೆ ಸೇರುವ ಮುಂಚೆಯೇ ಖಗೋಳ ಭೌತಶಾಸ್ತ್ರ, ಪ್ರಾಣಿಶಾಸ್ತ್ರ ಅಂತ ನಾಲ್ಕು ವಿಷಯದಲ್ಲಿ ಉನ್ನತ ಪದವಿ ಪಡೆದವಳು. ಆ ಪದವಿಗಳು ಕರ್ಜನ್‌ವಾ? ಅಲ್ಲವಲ್ಲ. ಹಾಗಾದರೆ ಅವನ ಪಾಪ ಇವಳದು ಹೇಗೆ? ಬ್ಯಾಂಕಿನವನು ಬಾಯಿ ತೆಗೆಯುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಅವಳು ಒಳಗೆ ಹೋಗುತ್ತಾಳೆ. ವಾದದಲ್ಲಿ ಹೀಗೆ ಗೆಲ್ಲುವವರನ್ನು ಸೋಲಿಸಲು ಆಗುವುದಿಲ್ಲ.

ಅಕ್ಕನ ಮಗಳು ನಾಟಕದವಳು. ಅವಳು ಈ ಕಂತಿಗೆ ಬರುವ ಮುಂಚೆಯೇ ಹಿಂದಿನ ಸರಣಿ ‘ದಿ ನೆಕ್ಸ್ಟ್ ಜನರೇಶನ್’ ಮುಗಿಸಿದ್ದಳು. ಅದೊಂದು ತೊಡಕು. ಟ್ರಿಲ್ ಜನ ಮೊದಲು ಕಾಣಿಸಿಕೊಂಡದ್ದು ಅಲ್ಲಿ, 1991ರ ‘ದಿ ಹೋಸ್ಟ್’ ಎಂಬ ಕಂತಿನಲ್ಲಿ. ಅಲ್ಲಿ ದೇಹ ಬರಿಯ ದೇಹ, ಮನಸ್ಸೆಲ್ಲ ಒಳಗಿನ ಜೀವಿಯದ್ದು. ಡಾಕ್ಟರ್ ಕ್ರಶರ್ ಒಬ್ಬ ಟ್ರಿಲ್‌ನನ್ನು ಪ್ರೀತಿಸುತ್ತಾಳೆ. ಅವನ ದೇಹ ಸಾಯುತ್ತದೆ. ಕೊನೆಗೆ ಅದೇ ಪ್ರಿಯಕರ ಹೆಣ್ಣಿನ ದೇಹದಲ್ಲಿ ಬಂದು ಬಾಗಿಲಲ್ಲಿ ನಿಂತಾಗ ಅವಳು ಹಿಂದೆ ಸರಿಯುತ್ತಾಳೆ. ಆ ಲೆಕ್ಕ ಹಿಡಿದರೆ ಜಾಡ್ಜಿಯಾ ಬರೀ ಅಂಗಿ, ಡ್ಯಾಕ್ಸೇ ಆರೋಪಿ, ಕೇಸು ಐದು ನಿಮಿಷದಲ್ಲಿ ಮುಗಿಯಬೇಕು. ‘ಡೀಪ್ ಸ್ಪೇಸ್ ನೈನ್’ ಬರೆದವರು ಅದನ್ನು ಬದಲಾಯಿಸಿದರು. ಇಲ್ಲಿ ಎರಡು ಮನಸ್ಸು ಬೆರೆತು ಮೂರನೆಯದೊಂದು ಆಗುತ್ತದೆ. ನೋಡುಗರು ಯಾವುದನ್ನು ಮೊದಲು ನೋಡಿದ್ದಾರೆ ಅನ್ನುವುದರ ಮೇಲೆ ತೀರ್ಪು ವಾಲುವುದನ್ನು ನಾನು ನನ್ನ ಕುರ್ಚಿಯಿಂದ ಸ್ಪಷ್ಟವಾಗಿ ನೋಡಿದ್ದೇನೆ. ಮುಂಚೆ ಕೇಳಿದ ಕಥೆಯೂ ಒಂದು ಸಾಕ್ಷಿಯ ಹಾಗೆ ಕಟಕಟೆ ಹತ್ತಿಬಿಡುತ್ತದೆ.

ಇವಳ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಊಹಿಸಬಹುದು. ‘ಮಾವಾ, ಇದು ಹಯವದನ ಅಲ್ವಾ?’ ಕಾರ್ನಾಡರ 1971ರ ನಾಟಕದಲ್ಲಿ ದೇವದತ್ತನ ತಲೆ ಕಪಿಲನ ಮೈಗೆ, ಕಪಿಲನ ತಲೆ ದೇವದತ್ತನ ಮೈಗೆ. ಪದ್ಮಿನಿಯ ಗಂಡ ಯಾರು? ಬೇತಾಳ ಕೇಳಿದ ಹಳೆಯ ಪ್ರಶ್ನೆ ಅದು, ಸೋಮದೇವನ ಕಥಾಸರಿತ್ಸಾಗರದಲ್ಲಿದೆ, ಥಾಮಸ್ ಮಾನ್ ಅದನ್ನು 1940ರಲ್ಲಿ ಜರ್ಮನ್ನಿಗೆ ತೆಗೆದುಕೊಂಡು ಹೋಗಿ ಬೆಳೆಸಿದ. ರಾಜನ ತೀರ್ಪು: ಅಂಗಗಳಲ್ಲಿ ತಲೆ ಶ್ರೇಷ್ಠ, ತಲೆ ಯಾರದೋ ಅವನೇ ಗಂಡ. ಬೇತಾಳಕ್ಕೆ ಅಷ್ಟು ಸಾಕು. ಕಾರ್ನಾಡರಿಗೆ ಸಾಲಲಿಲ್ಲ. ಅವರ ನಾಟಕದಲ್ಲಿ ತೀರ್ಪು ಬಂದ ಮೇಲೆಯೇ ನಿಜವಾದ ಫಜೀತಿ ಶುರು: ಕಪಿಲನ ಗಟ್ಟಿ ಮೈ ದೇವದತ್ತನ ತಲೆಯ ಕೆಳಗೆ ಮೆಲ್ಲಮೆಲ್ಲನೆ ಮೆತ್ತಗಾಗುತ್ತದೆ. ‘ತೀರ್ಪು ಕೊಡೋದು ಸುಲಭ, ಆಮೇಲೆ ಬದುಕೋರು ಯಾರು?’ ಎಂದು ಹುಡುಗಿ ಕೇಳಿದಾಗ ಬ್ಯಾಂಕಿನವನು ಕೂಡ ಒಂದು ಕ್ಷಣ ಸುಮ್ಮನಾದ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಇದ್ದಿದ್ದರೆ ಅವನೂ ಬ್ಯಾಂಕಿನವನ ಪಕ್ಷವನ್ನೇ ಸೇರುತ್ತಿದ್ದ ಅನ್ನಿಸುತ್ತದೆ. 1694ರಲ್ಲಿ ಅವನು ತನ್ನ ದೊಡ್ಡ ಪುಸ್ತಕಕ್ಕೆ ಹೊಸ ಅಧ್ಯಾಯವೊಂದನ್ನು ಸೇರಿಸಿದ. ರಾಜಕುಮಾರನೊಬ್ಬನ ನೆನಪು, ಅರಿವೆಲ್ಲ ಚಮ್ಮಾರನ ದೇಹಕ್ಕೆ ಬಂದರೆ ಆಗ ಅಲ್ಲಿರುವವನು ರಾಜಕುಮಾರ, ರಾಜಕುಮಾರ ಮಾಡಿದ್ದಕ್ಕೆಲ್ಲ ಅವನೇ ಹೊಣೆ, ಅಂದ. ‘ವ್ಯಕ್ತಿ’ ಅನ್ನುವುದು ಹೊಣೆಗಾರಿಕೆ ಹೊರಿಸಲಿಕ್ಕೆಂದೇ ಇರುವ ಕೋರ್ಟಿನ ಪದ ಅಂತಲೂ ಅಂದ. ಜಾಡ್ಜಿಯಾಗೆ ಕರ್ಜನ್‌ನ ನೆನಪೆಲ್ಲ ಇದೆ. ಆದರೆ ಲಾಕ್‌ನ ಚಮ್ಮಾರನ ಸ್ವಂತ ನೆನಪು ಹಾರಿಹೋಗಿತ್ತು. ಜಾಡ್ಜಿಯಾಳದ್ದು ಹೋಗಿಲ್ಲ, ಒಳಗೇ ಇದೆ. ಇಬ್ಬರ ನೆನಪೂ ಒಂದೇ ತಲೆಯಲ್ಲಿದ್ದರೆ ನೇಣು ಯಾರ ಕತ್ತಿಗೆ? ಲಾಕ್‌ನನ್ನು ಒಂದು ಸಂಜೆ ನಮ್ಮ ದಿವಾನದ ಮೇಲೆ ಕೂರಿಸಿಕೊಳ್ಳಬೇಕೆನ್ನುವ ಆಸೆ ನನಗಿದೆ.

ವಕೀಲರು ಕೊನೆಗೆ ಮಾತಾಡುವವರು, ಅಲ್ಲಿಯ ತನಕ ಕಣ್ಣು ಮುಚ್ಚಿ ಕೂತಿರುತ್ತಾರೆ. ಸಿಸ್ಕೊನ ವಕಾಲತ್ತಿನ ಬಗ್ಗೆ ಅವರಿಗೆ ಮೆಚ್ಚುಗೆ ಇದೆ, ನಾವು ಮೆಚ್ಚುವ ಕಾರಣಕ್ಕಲ್ಲ. ಸಿಸ್ಕೊನ ‘ಇವಳು ಅವನಲ್ಲ’ ಎಂಬ ವಾದವೆಲ್ಲ, ನಿಲ್ದಾಣದ ಭದ್ರತೆ ನೋಡಿಕೊಳ್ಳುವ ಓಡೊ ಆ ಗ್ರಹಕ್ಕೆ ಹೋಗಿ ಸಾಕ್ಷಿ ಹುಡುಕಿ ತರುವ ತನಕ ಹೊತ್ತು ಕಳೆಯಲಿಕ್ಕೆ. ‘ವಾಯಿದೆ ತಗೊಳ್ಳೋದು ಅಂದ್ರೆ ಇದು ಕಣ್ರೀ. ಕಾರಣ ಇಷ್ಟು ಘನವಾಗಿರಬೇಕು.’ ಆಮೇಲೆ ಕೇಸಿಗೆ ಬರುತ್ತಾರೆ. ಆರೋಪಿ ಸತ್ತರೆ ಕ್ರಿಮಿನಲ್ ಕೇಸು ಅಲ್ಲಿಗೆ ಮುಗಿಯಿತು, ಸಾಲ ಮಾತ್ರ ಮುಗಿಯುವುದಿಲ್ಲ. ವಾರಸುದಾರನ ಕೈಗೆ ಆಸ್ತಿ ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ ಬೆನ್ನು ಹತ್ತುತ್ತದೆ.

‘ಆದ್ರೆ ಇವಳು ವಾರಸುದಾರಳೋ ಅವನೇನೋ ಅನ್ನೋದೇ ತಾನೆ ಪ್ರಶ್ನೆ?’ ಅಂದೆ ನಾನು.

‘ಅವನೇ ಅಂದ್ರೆ ಲಾಕಪ್ಪು. ವಾರಸುದಾರಳು ಅಂದ್ರೆ ಬನ್ನಿ ಕಲ್ಯಾಣಕ್ಕೆ’ ಅಂದರು ವಕೀಲರು.

ಕಲ್ಯಾಣ ಅಂದರೆ ಬಸವಕಲ್ಯಾಣ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಬಂಗಾಳದ ಕಡೆ ದಾಯಭಾಗ ನಡೆಯಿತು, ಉಳಿದ ದೇಶದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿಪಾಸ್ತಿಯ ಜಗಳ ಬಗೆಹರಿದದ್ದು ಈ ಪುಸ್ತಕದ ಮೇಲೆ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಅನ್ನುವುದು ಅಲ್ಲಿಯ ನಿಯಮ. ಅದಕ್ಕೊಂದು ಪಟ್ಟಿಯಷ್ಟು ವಿನಾಯಿತಿ: ಅಪ್ಪ ಕುಡಿತಕ್ಕೆ ಮಾಡಿದ ಸಾಲ, ಜೂಜಿಗೆ ಮಾಡಿದ್ದು, ಕಾಮಕ್ಕೆ ಮಾಡಿದ್ದು ಮಗನಿಗೆ ಬರುವುದಿಲ್ಲ, ಅಪ್ಪ ಕಟ್ಟದೆ ಉಳಿಸಿದ ದಂಡವೂ ಬರುವುದಿಲ್ಲ. ‘ದಂಡ’ ಅನ್ನುವಾಗ ವಕೀಲರು ಕಣ್ಣು ಪೂರ್ತಿ ತೆರೆದರು. ಶಿಕ್ಷೆ ಮಾಡಿದವನದು, ಅದು ಅವನ ಜತೆ ಚಿತೆಗೆ ಹೋಗುತ್ತದೆ. ಆದ್ದರಿಂದ ವಿಜ್ಞಾನೇಶ್ವರನ ಪೀಠದಲ್ಲಿ ಜಾಡ್ಜಿಯಾ ಖುಲಾಸೆ. ಧರ್ಮದ ಹೆಸರಿನ ಆ ಹಳೆಯ ಹೊಣೆಯನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಸಾಲಗಳಿಗೂ ತೆಗೆದುಹಾಕಿತು ಎಂದು ಅವರು ಸೇರಿಸುತ್ತಾರೆ, ಯಾರೂ ಕೇಳಿರುವುದಿಲ್ಲ. ನನಗಂತೂ ಮೈ ಜುಮ್ಮೆಂದಿತ್ತು. ಲಾಸ್ ಏಂಜಲಿಸ್‌ನ ಸ್ಟುಡಿಯೋದಲ್ಲಿ ಕಟ್ಟಿದ ಬಾರಿನೊಳಗಿನ ಕೋರ್ಟಿಗೆ ಬೀದರ ಜಿಲ್ಲೆಯಿಂದ ನಜೀರು ಸಿಗುತ್ತದೆಂದು ಯಾರು ಎಣಿಸಿದ್ದರು!

ಎಲ್ಲರದೂ ಆದ ಮೇಲೆ ಆಯಿ. ಅವಳು ಅಷ್ಟು ಹೊತ್ತು ನೋಡುತ್ತಿದ್ದದ್ದು ವಕೀಲರನ್ನಲ್ಲ, ನಿಂತುಹೋದ ಆ ಮುಖವನ್ನು.

‘ಅಲ್ದೋ ತಮಾ, ಎಲ್ಲರೂ ಮಾತಾಡ್ತಾ ಇದ್ದ. ಆ ಕೂಸು ಎಂತಕ್ಕೆ ಬಾಯಿ ಬಿಡ್ತಿಲ್ಲೆ?’

ಇದು ಈ ಕಂತಿನ ಮೇಲೆ ಬಹಳ ಜನ ಮಾಡುವ ದೂರು. ಹೆಸರು ‘ಡ್ಯಾಕ್ಸ್’, ಆದರೆ ಡ್ಯಾಕ್ಸ್‌ಗೇ ಮಾತಿಲ್ಲ. ಗಂಡಸರು ಅವಳ ಸುತ್ತ ನಿಂತು ಅವಳು ಯಾರೆಂದು ತೀರ್ಮಾನಿಸುತ್ತಿರುತ್ತಾರೆ, ಅವಳು ಬಾಯಿ ಬಿಗಿಹಿಡಿದು ಕೂತಿರುತ್ತಾಳೆ. ಸಿಸ್ಕೊ ಬೇಡಿಕೊಂಡರೂ ಗದರಿದರೂ ಆ ರಾತ್ರಿ ಏನಾಯಿತೆಂದು ಹೇಳುವುದಿಲ್ಲ. ನಟಿಗೆ ಅನ್ಯಾಯವಾಯಿತು ಅನ್ನುವವರ ಮಾತು ನನಗೂ ಒಪ್ಪಿಗೆಯಿತ್ತು, ಆಯಿ ಕೇಳುವ ತನಕ. ನಾನು ರಿಮೋಟ್ ಒತ್ತಿದೆ.

ಎನಿನಾ ಬಂದಳು. ಪಾತ್ರ ಮಾಡಿದವಳು ಐರ್ಲೆಂಡಿನ ಫಿಯೊನ್ಯುಲಾ ಫ್ಲಾನಗನ್. (ಅದೇ 1993ರ ಕೊನೆಗೆ ಈಕೆ ‘ನೆಕ್ಸ್ಟ್ ಜನರೇಶನ್’ನಲ್ಲಿ ತಾನು ಯಂತ್ರವೆಂಬುದು ತನಗೇ ಗೊತ್ತಿಲ್ಲದ ಹೆಂಗಸಾಗಿ ಬಂದಳು. ಅಕ್ಕನ ಮಗಳು ಕುಣಿದಾಡಿದ ಸಂಗತಿ ಅದು.) ತುಂಬಿದ ಕೋರ್ಟಿನಲ್ಲಿ, ಮಗ ಎದುರಿಗೆ ನಿಂತಿರುವಾಗ, ಎನಿನಾ ಹೇಳುತ್ತಾಳೆ: ಆ ಸಂದೇಶ ಹೋದ ಹೊತ್ತಿಗೆ ಕರ್ಜನ್ ನನ್ನ ಹಾಸಿಗೆಯಲ್ಲಿದ್ದ. ಶತ್ರುಗಳಿಗೆ ಸುಳಿವು ಕಳಿಸಿದವನು ಸೇನಾಪತಿಯೇ ಅನ್ನುವುದೂ ನಮಗೆ ತಿಳಿಯುತ್ತದೆ. ದೇಶ ಪೂಜಿಸುವ ವೀರ ದ್ರೋಹಿ, ದ್ರೋಹಿ ಅನ್ನಿಸಿಕೊಂಡವನು ಆ ಹೆಂಗಸಿನ ಗುಟ್ಟು ಕಾದವನು. ಕೇಸು ವಜಾ. ಇವಳು ಅವನೇ ಹೌದೋ ಅಲ್ಲವೋ? ಅಜ್ಜಿ ಹೇಳಲೇ ಇಲ್ಲ, ಊಟಕ್ಕೆ ಹೋದಳು.

ನನ್ನ ಕುರ್ಚಿಗೆ ಬೆಲೆ ಬರುವುದು ಈ ನಿಮಿಷದಲ್ಲಿ. ಇಷ್ಟು ಹೊತ್ತು ಎರಡು ಪಕ್ಷವಾಗಿ ಕಿತ್ತಾಡಿದವರೆಲ್ಲ ಒಂದಾಗಿ ಬರೆದವರ ಮೇಲೆ ಬೀಳುತ್ತಾರೆ. ‘ಮೋಸ’ ಅನ್ನುತ್ತಾನೆ ಬ್ಯಾಂಕಿನವನು. ‘ಇದಕ್ಕೆ ಇಷ್ಟೆಲ್ಲ ಬೇಕಿತ್ತಾ’ ಅನ್ನುತ್ತಾಳೆ ಹೆಂಡತಿ, ಗೆದ್ದರೂ ಅವಳಿಗೆ ಸಮಾಧಾನವಿಲ್ಲ. ಅಕ್ಕನ ಮಗಳು ‘ನೆಕ್ಸ್ಟ್ ಜನರೇಶನ್’ನ 1989ರ ಕಂತು ‘ದಿ ಮೆಶರ್ ಆಫ್ ಎ ಮ್ಯಾನ್’ ಎತ್ತುತ್ತಾಳೆ. ಕೋರ್ಟಿನ ಕಂತು ಅಂದರೆ ಅದು, ಇದಲ್ಲ. ಅವಳ ಮಾತು ಸುಳ್ಳಲ್ಲ. ಡೇಟಾ ಎಂಬ ಯಂತ್ರಮಾನವ ಸರ್ಕಾರದ ಸ್ವತ್ತೋ ಸ್ವತಂತ್ರ ವ್ಯಕ್ತಿಯೋ ಅನ್ನುವ ಆ ವಿಚಾರಣೆ ಅಭಿಮಾನಿಗಳ ಪಟ್ಟಿಯಲ್ಲಿ ಯಾವಾಗಲೂ ಮೇಲಿರುತ್ತದೆ. ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ಸ್ವತಃ ವಕೀಲಿಕೆ ಮಾಡಿದವಳು. ಗೆಳೆಯ ರೈಕರ್‌ನೇ ವಿರುದ್ಧ ವಾದ ಮಾಡಬೇಕಾಗಿ ಬಂದು, ಕೋರ್ಟಿನಲ್ಲೇ ಡೇಟಾನ ತೋಳು ಬಿಚ್ಚಿ, ಬೆನ್ನಿನ ಸ್ವಿಚ್ಚು ಆರಿಸಿದಾಗ ನೋಡುವವರ ಕೈ ತಾನಾಗಿ ತಮ್ಮ ತೋಳಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಅಲ್ಲಿ ತೀರ್ಪು ಬರುತ್ತದೆ. ಅವನಿಗೆ ಆತ್ಮವಿದೆಯೋ ನನಗೆ ಗೊತ್ತಿಲ್ಲ, ಅದನ್ನು ಹುಡುಕಿಕೊಳ್ಳುವ ಸ್ವಾತಂತ್ರ್ಯ ಅವನಿಗಿದೆ ಅನ್ನುತ್ತಾಳೆ ಅಲ್ಲಿಯ ನ್ಯಾಯಾಧೀಶೆ.

ಅದು ದೊಡ್ಡ ಕಂತು, ಒಪ್ಪಿದೆ. ಆದರೆ ನನ್ನ ಸಂಜೆಗಳಿಗೆ ಅದು ಒಗ್ಗುವುದಿಲ್ಲ. ಅಲ್ಲಿ ಯಾರೂ ಡೇಟಾನ ವಿರುದ್ಧ ತೀರ್ಪು ಕೊಡುವುದಿಲ್ಲ; ಡೇಟಾನ ಪರ ವಾದಿಸುವ ಕ್ಯಾಪ್ಟನ್ ಪಿಕಾರ್ಡ್ ಎದ್ದು ನಿಂತರೆ ಕೋಣೆಯಲ್ಲಿರುವವರೆಲ್ಲ ಅವನ ಕಡೆ. ಎಲ್ಲರೂ ಒಂದೇ ಮುಖ, ಮತ್ತೆ ಕ್ರಿಕೆಟ್ಟು. ‘ಡ್ಯಾಕ್ಸ್’ ಸಣ್ಣ ಕಂತು, ಸೆಟ್ಟು ಬಡವಾಗಿದೆ, ಕೊನೆ ನುಣುಚಿಕೊಂಡಿದೆ. ಆದರೂ ಇದು ಮುಗಿದ ಮೇಲೆ ಯಾರೂ ಚಪ್ಪಲಿ ಹುಡುಕುವುದಿಲ್ಲ. ನುಣುಚಿಕೊಂಡದ್ದನ್ನು ವಕೀಲರು ತಪ್ಪೆನ್ನುವುದಿಲ್ಲ. ಅಲಿಬಿ ಸಾಬೀತಾದ ಮೇಲೆ ಆತ್ಮದ ವಿಷಯಕ್ಕೆ ಕೈ ಹಾಕುವ ಜಡ್ಜು ಕೆಟ್ಟ ಜಡ್ಜು ಅನ್ನುವುದು ಅವರ ನಲವತ್ತು ವರ್ಷದ ಅನುಭವ.

ಈ ಗದ್ದಲದಲ್ಲಿ ಆಯಿ ಮತ್ತೆ ಕೇಳಿದಳು, ಈಗ ಉತ್ತರ ಅವಳಿಗೇ ಗೊತ್ತಿತ್ತು.

‘ಗುಟ್ಟು ಬಿಡ್ತ್ನಿಲ್ಲೆ ಹೇಳಿ ಮಾತು ಕೊಟ್ಟಿದ್ದು ಆ ಗಂಡಸು ಅಲ್ದಾ? ಬೇರೆಯವ ಕೊಟ್ಟ ಮಾತಿಗೆ ಇದು ಎಂತಕ್ಕೆ ಸಾಯಕ್ಕು?’

ವಕೀಲರು ಬಾಯಿ ತೆರೆದು ಮುಚ್ಚಿದರು. ನಾವು ಪದವಿ, ನೆನಪು, ಆಸ್ತಿ, ತಲೆ, ಮೈ ಅಂತ ಜಾಲಾಡಿದೆವು. ಪುರಾವೆ ಅಷ್ಟು ಹೊತ್ತೂ ಕಟಕಟೆಯಲ್ಲಿ ಕೂತಿತ್ತು. ‘ಇವಳು ಕರ್ಜನ್ ಅಲ್ಲ’ ಎಂದು ಸಿಸ್ಕೊ ಗಂಟಲು ಹರಿದುಕೊಳ್ಳುತ್ತಿದ್ದಾಗ ಜಾಡ್ಜಿಯಾ ಕರ್ಜನ್‌ನ ಮಾತು ಉಳಿಸಲು ಸಾವಿಗೂ ತಯಾರಾಗಿ ಕೂತಿದ್ದಳು. ತನ್ನ ವಕೀಲನ ವಾದವನ್ನು ತಾನೇ ಸುಳ್ಳು ಮಾಡುತ್ತಿದ್ದಳು, ಅದೂ ತುಟಿ ಪಿಟಕ್ಕೆನ್ನದೆ. ವಿಜ್ಞಾನೇಶ್ವರನ ಪಟ್ಟಿಯಲ್ಲಿ ದಂಡವೂ ವಾರಸುದಾರರಿಗೆ ಬರುವುದಿಲ್ಲ, ಕಾಮದ ಸಾಲವೂ ಬರುವುದಿಲ್ಲ. ಎರಡರಿಂದಲೂ ಬಿಡುಗಡೆಯಿದ್ದವಳು ಎರಡನೆಯದನ್ನು ಕೈಯಾರೆ ಎತ್ತಿಕೊಂಡಿದ್ದಳು. ಹಾಗೆ ನೋಡಿದರೆ ಟೆರ್ರಿ ಫ್ಯಾರೆಲ್‌ಗೆ ಅನ್ಯಾಯವಾದದ್ದೂ ಸುಳ್ಳು. ಅವಳ ಪಾಲಿಗೆ ಬಂದದ್ದು ಮಾತಿಲ್ಲದ ಪಾತ್ರವಲ್ಲ, ಮಾತು ಕಾಯುವ ಪಾತ್ರ. ಆ ಬಿಗಿದ ದವಡೆಯನ್ನು ನಿಲ್ಲಿಸಿದ ಚಿತ್ರದಲ್ಲಿ ನೋಡಬೇಕು.

ಬರೆದವರಿಗೆ ಇದು ಗೊತ್ತಿತ್ತೇ? ಗೊತ್ತಿತ್ತು ಅನ್ನುವುದಕ್ಕೆ ನನ್ನ ಬಳಿ ಒಂದು ದಾಖಲೆಯಿದೆ. 1994ರಲ್ಲಿ, ಎರಡನೆಯ ಸೀಸನ್ನಿನಲ್ಲಿ, ಅದೇ ಪೀಟರ್ ಅಲನ್ ಫೀಲ್ಡ್ಸ್ ‘ಬ್ಲಡ್ ಓತ್’ ಬರೆದ. ಕರ್ಜನ್ ಹಿಂದೊಮ್ಮೆ ಕಾಂಗ್, ಕೋರ್, ಕೊಲೊತ್ ಎಂಬ ಮೂವರು ಕ್ಲಿಂಗಾನ್ ಯೋಧರ ಜತೆ ರಕ್ತದ ಆಣೆ ಹಾಕಿದ್ದ. ಅವರ ಚೊಚ್ಚಲ ಗಂಡುಮಕ್ಕಳನ್ನು ಕೊಂದ ವೈರಿಯನ್ನು ಕೊಲ್ಲುವ ಆಣೆ. ಈಗ ಆ ಮೂವರು ಮುದುಕರು ಬಂದಿದ್ದಾರೆ. ಇವರನ್ನು ಆಡಿದವರು 1960ರ ದಶಕದಲ್ಲಿ ಅವೇ ಪಾತ್ರ ಮಾಡಿದ್ದ ನಟರೇ. ಕರ್ಜನ್ ಸತ್ತ, ಆಣೆ ಮುಗಿಯಿತು, ನಿನಗಿದರ ಹಂಗಿಲ್ಲ ಅಂತ ಅವರೇ ಹೇಳುತ್ತಾರೆ. ಜಾಡ್ಜಿಯಾ ಕೇಳುವುದಿಲ್ಲ. ಆಣೆ ನನ್ನದು ಎಂದು ಕತ್ತಿ ಹಿಡಿದು ಹೊರಡುತ್ತಾಳೆ. ಯಾರೂ ಕೋರ್ಟಿಗೆ ಎಳೆಯಲಿಲ್ಲ, ಯಾರೂ ಕೇಳಲಿಲ್ಲ.

ಇದನ್ನೂ ನಮ್ಮ ಪೀಠಕ್ಕೆ ಹಾಕಿದೆ. ಆಯಿ ಪೂರ್ತಿ ಕೂತು ನೋಡಿ, ಮುಂಚೆಯೇ ಹೇಳಿದ್ದೆನಲ್ಲ ಅನ್ನುವ ಹಾಗೆ ಎಲೆ ಅಡಿಕೆ ತಟ್ಟೆ ಎಳೆದುಕೊಂಡಳು. ವಕೀಲರು ಮಾತ್ರ ಕಣ್ಣು ಮುಚ್ಚಲಿಲ್ಲ. ಕ್ಲಿಂಗಾನರ ಜತೆ ಸೇರಿ ಜಾಡ್ಜಿಯಾ ಕೋಟೆಗೆ ನುಗ್ಗುತ್ತಿದ್ದ ಹಾಗೆ ಅವರ ಬೆರಳು ಒಂದೊಂದಾಗಿ ಮಡಚಿದವು.

‘ಒಳಸಂಚು. ಅತಿಕ್ರಮ ಪ್ರವೇಶ. ಮಾರಕಾಸ್ತ್ರ. ಇದು ಕರ್ಜನ್ ಬಾಬತ್ತಲ್ಲ ಕಣ್ರೀ, ಇವಳದೇ ಖಾಸಾ ಕೇಸು. ಇದನ್ನ ನಾನು ನಡೆಸ್ತೀನಿ.’

‘ಯಾರ ಪರ, ವಕೀಲ್ರೇ?’ ಅಂದಳು ಆಯಿ, ಅಡಿಕೆ ಕತ್ತರಿಸುತ್ತ.

‘ಪ್ರಾಸಿಕ್ಯೂಶನ್ ಪರ, ಅಮ್ಮಾ. ಇವಳ ಡಿಫೆನ್ಸ್ ನೀವು ತಗೊಳಿ.’